ಜಲಜನಕದ ಜಮಾಖರ್ಚು

ಚಿತ್ರದುರ್ಗದಿಂದ ಹೊಸಪೇಟೆಯತ್ತ ಸಾಗುವ ಹೆದ್ದಾರಿಯಲ್ಲಿ ಕೂಡ್ಲಿಗಿಗೆ ಮೊದಲು ಸಿಗುವ ಊರು ಕಾನಹೊಸಹಳ್ಳಿ. ಸುತ್ತಮುತ್ತ ಮಳೆಯನ್ನೇ ನಂಬಿದ ಶೇಂಗಾ, ಜೋಳ, ಸಜ್ಜೆಯ ಹೊಲಗಳು. ಇಲ್ಲಿ ಬಿಸಿಲಿಗೆ ಬರವಿಲ್ಲ. ಆಷಾಢ ಬಂತೆಂದರೆ ಗಾಳಿಗೂ ಬರವಿಲ್ಲ. ಬರವಿರುವುದು ನೀರಿಗೆ ಮಾತ್ರ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನೀರು ಕಡಿಮೆಯಾಗುತ್ತದೆ, ಅದರೊಳಗಿನ ಫ್ಲೋರೈಡ್ ಹೆಚ್ಚಾಗುತ್ತದೆ.

ಇದೇ ಸೀಮೆಯಲ್ಲಿ ಕೂಡ್ಲಿಗಿ, ಸಂಡೂರು ದಾಟಿ ಮುಂದೆ ಹೋದರೆ ತೋರಣಗಲ್ಲು. ಅಲ್ಲಿನ ಜೆಎಸ್‌ಡಬ್ಲ್ಯು ವಿಜಯನಗರ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವ ಘಟಕವೊಂದು ತಲೆಯೆತ್ತಿದೆ. 2025ರ ನವೆಂಬರಿನಲ್ಲಿ ಕಾರ್ಯಾರಂಭ ಮಾಡಿದ ಅದರ ಗುರಿ ವರ್ಷಕ್ಕೆ 3,800 ಟನ್ ಜಲಜನಕ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಎತ್ತಿಟ್ಟಿದೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸಬೇಕೆಂಬುದು ಅದರ ಸಂಕಲ್ಪ.

ಬಿಸಿಲು, ಗಾಳಿ ಧಾರಾಳವಾಗಿದ್ದು ನೀರೇ ಇಲ್ಲದ ನಾಡಿನಲ್ಲಿ ನೀರನ್ನು ಒಡೆಯುವುದು ಜಾಣತನವೋ, ದುಂದುಗಾರಿಕೆಯೋ? ಉತ್ತರ ಸಿಗಬೇಕಾದರೆ ಭಾಷಣಗಳನ್ನು ಬದಿಗಿಟ್ಟು ಎರಡು ಲೋಹದ ಹಾಳೆಗಳ ನಡುವೆ ಇಣುಕಿ ನೋಡಬೇಕು.

ನೀರು ಇಂಧನವಲ್ಲ, ಬೂದಿ

ಕನ್ನಡದ ‘ಜಲಜನಕ’ ಎಂಬ ಹೆಸರು ಬಹಳ ಅರ್ಥವತ್ತಾದುದು. ಈ ಅನಿಲ ಉರಿದರೆ ನೀರು ಹುಟ್ಟುತ್ತದೆ. ಅಂದರೆ ನೀರು ಈಗಾಗಲೇ ಉರಿದು ಮುಗಿದ ಜಲಜನಕ. ಒಲೆಯಲ್ಲಿ ಉಳಿದ ಬೂದಿ ಇದ್ದ ಹಾಗೆ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ, ಸೌದೆ ಉರಿದಾಗ ಹೊರಬಿದ್ದ ಶಕ್ತಿಯನ್ನೆಲ್ಲ ವಾಪಸು ತುಂಬಿಕೊಡಬೇಕು. ಒಂದು ಕಾಸೂ ಕಡಿಮೆ ಕೊಡುವಂತಿಲ್ಲ. ‘ನೀರಿನಿಂದ ಓಡುವ ಬೈಕು’ ಎಂಬ ಸುದ್ದಿಗಳೆಲ್ಲ ಎಡವುವುದು ಇಲ್ಲೇ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಗಿಡಮೂಲಿಕೆ ಬೆರೆಸಿ ಪೆಟ್ರೋಲ್ ಮಾಡುತ್ತೇನೆಂದು ಹೇಳಿ ದೇಶವನ್ನೇ ಬೆರಗುಗೊಳಿಸಿದ್ದು ಹಲವರಿಗೆ ನೆನಪಿರಬಹುದು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅದನ್ನು ವಂಚನೆಯೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು.

ನೀರನ್ನು ವಿದ್ಯುತ್ತಿನಿಂದ ಒಡೆಯುವ ವಿದ್ಯೆ ಮಾತ್ರ ವಂಚನೆಯಲ್ಲ. ಅದಕ್ಕೆ ಇನ್ನೂರು ವರ್ಷ ದಾಟಿದೆ. ಇಟಲಿಯ ವೋಲ್ಟಾ ಬ್ಯಾಟರಿ ಕಂಡುಹಿಡಿದ ಸುದ್ದಿ ತಲುಪಿದ ಕೆಲವೇ ವಾರಗಳಲ್ಲಿ, 1800ರಲ್ಲಿ, ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಅದರ ಎರಡು ತಂತಿಗಳನ್ನು ನೀರಿಗೆ ಇಳಿಬಿಟ್ಟು ಗುಳ್ಳೆ ಎಬ್ಬಿಸಿದರು. ಋಣ ತಂತಿಯ ಬಳಿ ಜಲಜನಕ, ಧನ ತಂತಿಯ ಬಳಿ ಆಮ್ಲಜನಕ. ಎಷ್ಟು ವಿದ್ಯುತ್ ಹರಿದರೆ ಎಷ್ಟು ಅನಿಲ ಎಂಬ ನಿಯಮವನ್ನು 1830ರ ದಶಕದಲ್ಲಿ ಫ್ಯಾರಡೆ ಬರೆದಿಟ್ಟ. ಅವನ ಲೆಕ್ಕ ಇಂದಿಗೂ ಕೂದಲೆಳೆಯಷ್ಟೂ ಬದಲಾಗಿಲ್ಲ. ಒಂದು ಕಿಲೋ ಜಲಜನಕ ಬೇಕೆಂದರೆ ಸುಮಾರು 26,600 ಆಂಪಿಯರ್-ಗಂಟೆಯಷ್ಟು ವಿದ್ಯುತ್ ಪ್ರವಾಹ ಹರಿಯಲೇಬೇಕು. ಇದರಲ್ಲಿ ಚೌಕಾಸಿ ನಡೆಯುವುದಿಲ್ಲ.

ಚೌಕಾಸಿಗೆ ಜಾಗವಿರುವುದು ವೋಲ್ಟೇಜಿನಲ್ಲಿ.

ವೋಲ್ಟಿನ ಲೆಕ್ಕ

ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಕರೆಂಟ್ ಬಿಲ್ಲಿನ ಯೂನಿಟ್ ಸಿಗುತ್ತದೆ. ಹಾಗಾಗಿ ಕೋಶದ ಎರಡು ಫಲಕಗಳ ನಡುವಿನ ಪ್ರತಿಯೊಂದು ವೋಲ್ಟಿಗೂ ಕಿಲೋ ಜಲಜನಕಕ್ಕೆ 26.6 ಯೂನಿಟ್ ದಂಡ ತೆರಬೇಕು. ನೀರು ಒಡೆಯಲು ಪ್ರಕೃತಿ ಕೇಳುವ ಕನಿಷ್ಠ ವಿದ್ಯುತ್ ಒತ್ತಡ 1.23 ವೋಲ್ಟ್. ಅಷ್ಟರಲ್ಲೇ ಮುಗಿಸಬೇಕಾದರೆ ಉಳಿದ ಶಕ್ತಿಯನ್ನು ಹೊರಗಿನಿಂದ ಶಾಖದ ರೂಪದಲ್ಲಿ ಕೊಡಬೇಕು. ಶಾಖದ ಪಾಲನ್ನೂ ವಿದ್ಯುತ್ತೇ ಹೊರುವುದಾದರೆ 1.48 ವೋಲ್ಟ್ ಬೇಕು. ಅಂದರೆ ಕಿಲೋಗೆ 39.4 ಯೂನಿಟ್. ಇದೇ ನೂರಕ್ಕೆ ನೂರು ಅಂಕ. 1.8 ವೋಲ್ಟಿನಲ್ಲಿ ನಡೆಯುವ ಕೋಶಕ್ಕೆ 48 ಯೂನಿಟ್ ಬೇಕು, ಅಂಕ 82. ಎರಡು ವೋಲ್ಟಾದರೆ 53 ಯೂನಿಟ್, ಅಂಕ 74.

ಶಾಲೆಯ ವಿಜ್ಞಾನ ಮೇಳದಲ್ಲಿ ಹುಡುಗರು 12 ವೋಲ್ಟಿನ ಬ್ಯಾಟರಿಗೆ ಎರಡೇ ಎರಡು ಕಡ್ಡಿಗಳನ್ನು ಜೋಡಿಸಿ ನೀರಲ್ಲಿ ಅದ್ದುತ್ತಾರೆ. ಗುಳ್ಳೆ ಚೆನ್ನಾಗಿಯೇ ಏಳುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ಕಿಲೋ ಜಲಜನಕಕ್ಕೆ 319 ಯೂನಿಟ್ ಖರ್ಚು! ಎಂಟರಲ್ಲಿ ಒಂದು ಪಾಲು ಮಾತ್ರ ಜಲಜನಕದಲ್ಲಿ ಉಳಿದು, ಮಿಕ್ಕ ಏಳು ಪಾಲು ನೀರು ಕಾಯಿಸಲು ಹೋಗುತ್ತದೆ. ಅದೇ 12 ವೋಲ್ಟನ್ನು ಆರು ಕೋಶಗಳಿಗೆ ಸಾಲಾಗಿ ಹಂಚಿದರೆ ಒಂದೊಂದಕ್ಕೆ ಎರಡೇ ವೋಲ್ಟ್. ಖರ್ಚು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾರ್ಖಾನೆಗಳ ಎಲೆಕ್ಟ್ರೊಲೈಸರುಗಳಲ್ಲಿ ನೂರಾರು ಫಲಕಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿರುವುದು ಇದೇ ಕಾರಣಕ್ಕೆ. ಒಂದು ಫಲಕದ ಒಂದು ಮುಖ ಒಂದು ಕೋಶಕ್ಕೆ ಧನ, ಇನ್ನೊಂದು ಮುಖ ಪಕ್ಕದ ಕೋಶಕ್ಕೆ ಋಣ.

(ಪ್ರಯೋಗ ಮಾಡುವ ಹುಡುಗರಿಗೊಂದು ಎಚ್ಚರಿಕೆ. ನೀರಿಗೆ ಅಡುಗೆ ಉಪ್ಪು ಹಾಕಬಾರದು. ಆಮ್ಲಜನಕದ ಜೊತೆ ವಿಷಕಾರಿ ಕ್ಲೋರಿನ್ ಏಳುತ್ತದೆ. ಎರಡೂ ಅನಿಲಗಳನ್ನು ಒಂದೇ ಬಾಟಲಿಯಲ್ಲಿ ಹಿಡಿಯಲೂ ಬಾರದು. ಗಾಳಿಯಲ್ಲಿ ಜಲಜನಕ ಶೇ 4ರಷ್ಟಿದ್ದರೂ ಶೇ 75ರಷ್ಟಿದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.)

ದಾರಿಯಲ್ಲಿ ಮೂರು ಸುಂಕದ ಕಟ್ಟೆ

1.48ಕ್ಕೆ ಮುಗಿಯಬೇಕಾದ ಕೆಲಸ ಎರಡು ವೋಲ್ಟ್ ಕೇಳುವುದೇಕೆ? ದಾರಿಯಲ್ಲಿ ಮೂರು ಸುಂಕದ ಕಟ್ಟೆಗಳಿವೆ. ಕೋಶದ ವಿನ್ಯಾಸವೆಂದರೆ ಈ ಮೂರರಲ್ಲೂ ಸುಂಕ ಇಳಿಸುವ ಕಲೆ.

ಮೊದಲನೆಯದು ಲೋಹದ ಮೈಮೇಲೆ. ನೀರಿನ ಅಣು ಅಲ್ಲಿಗೆ ಬಂದು, ಅಂಟಿಕೊಂಡು, ಒಡೆದು, ಅನಿಲವಾಗಿ ಎದ್ದು ಹೋಗಬೇಕು. ಲೋಹ ಬಿಗಿಯಾಗಿ ಹಿಡಿದುಕೊಂಡರೆ ಅನಿಲ ಬಿಡುವುದಿಲ್ಲ. ಸಡಿಲವಾಗಿ ಹಿಡಿದರೆ ಅಣು ಒಡೆಯುವುದಿಲ್ಲ. ಹದವಾದ ಹಿಡಿತವಿರುವ ಲೋಹವನ್ನು ವೇಗವರ್ಧಕವಾಗಿ ಲೇಪಿಸಬೇಕು. ಜಲಜನಕದ ಕಡೆಗೆ ಪ್ಲಾಟಿನಂ ಎಲ್ಲಕ್ಕಿಂತ ಚೆನ್ನ, ಆದರೆ ಅದರ ಬೆಲೆ ಗೊತ್ತೇ ಇದೆ. ಆಮ್ಲಜನಕದ ಕಡೆಯ ಕೆಲಸ ಇನ್ನೂ ತೊಡಕಿನದು. ನಾಲ್ಕು ಎಲೆಕ್ಟ್ರಾನುಗಳನ್ನು ಕಿತ್ತರೆ ಒಂದು ಆಮ್ಲಜನಕದ ಅಣು. ಹೆಚ್ಚಿನ ಸುಂಕ ವಸೂಲಾಗುವುದು ಅಲ್ಲೇ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಮಾಲಿಬ್ಡಿನಂ ಸಲ್ಫೈಡಿನಂಥ ಅಗ್ಗದ ವಸ್ತುಗಳನ್ನು ವೇಗವರ್ಧಕವಾಗಿ ಪಳಗಿಸಲು ಶ್ರಮಿಸಿದ್ದರ ಹಿಂದಿನ ಆಸೆ ಇದೇ.

ಎರಡನೆಯದು ಫಲಕಗಳ ನಡುವಿನ ಅಂತರ. ಶುದ್ಧ ನೀರು ವಿದ್ಯುತ್ತನ್ನು ಸಾಗಿಸುವುದೇ ಇಲ್ಲವೆನ್ನಬೇಕು. ಅದಕ್ಕೆ ಶೇ 25ರಿಂದ 30ರಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸುತ್ತಾರೆ. ಆದರೂ ಪ್ರತಿ ಮಿಲಿಮೀಟರ್ ದಾರಿಗೂ ಒಂದಿಷ್ಟು ವೋಲ್ಟ್ ಸವೆಯುತ್ತದೆ. ಫಲಕಗಳನ್ನು ಹತ್ತಿರ ತಂದರೆ ಸವೆತ ಕಡಿಮೆ. ಆದರೆ ತೀರಾ ಹತ್ತಿರವಾದರೆ ಎರಡು ಕಡೆಯ ಅನಿಲಗಳು ಕೂಡಿ ಸ್ಫೋಟದ ಭಯ. ನಡುವೆ ಒಂದು ತೆಳುವಾದ ಪರದೆ ಬೇಕು. ಅದು ವಿದ್ಯುತ್ ಕಣಗಳನ್ನು ಬಿಡಬೇಕು, ಅನಿಲವನ್ನು ಬಿಡಬಾರದು. ಹಿಂದೆ ಕಲ್ನಾರಿನ ಪರದೆ ಹಾಕುತ್ತಿದ್ದರು. ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಬೇರೆ ಪರದೆಗಳು ಬಂದವು. ಈಗ ಜಾಲರಿಯಂಥ ವಿದ್ಯುದಗ್ರಗಳನ್ನು ಎರಡೂ ಕಡೆಯಿಂದ ಪರದೆಗೆ ಒತ್ತಿ ಕೂರಿಸಿ ಅಂತರವನ್ನೇ ಇಲ್ಲವಾಗಿಸುತ್ತಾರೆ.

ಮೂರನೆಯದು ಗುಳ್ಳೆ. ನಮಗೆ ಬೇಕಾದ್ದೇ ಗುಳ್ಳೆ, ಆದರೆ ಅದೇ ಅಡ್ಡಿ. ಲೋಹಕ್ಕೆ ಅಂಟಿ ಕುಳಿತ ಗುಳ್ಳೆಯ ಅಡಿಯಲ್ಲಿ ನೀರಿಗೆ ಜಾಗವಿಲ್ಲ. ಅಷ್ಟು ಲೋಹ ಕೆಲಸವಿಲ್ಲದೆ ಕೂರುತ್ತದೆ. ಗುಳ್ಳೆ ಚಿಕ್ಕದಿರುವಾಗಲೇ ಜಾರಿಹೋಗುವಂತೆ ಮೇಲ್ಮೈಯನ್ನು ಹದಗೊಳಿಸುವುದು, ದ್ರಾವಣವನ್ನು ಹರಿಯಿಸುತ್ತಿರುವುದು ಹಳೆಯ ಉಪಾಯಗಳು. ಆಸ್ಟ್ರೇಲಿಯಾದ ವುಲೊಂಗಾಂಗ್ ವಿಶ್ವವಿದ್ಯಾಲಯದವರು 2022ರಲ್ಲಿ ಬೇರೆಯದೇ ದಾರಿ ತೋರಿಸಿದರು. ದೀಪದ ಬತ್ತಿ ಎಣ್ಣೆ ಹೀರುವಂತೆ ಪರದೆಯೇ ಕೆಳಗಿನಿಂದ ದ್ರಾವಣವನ್ನು ಹೀರಿಕೊಳ್ಳುತ್ತದೆ. ಫಲಕಗಳು ನೀರಲ್ಲಿ ಮುಳುಗಿರುವುದೇ ಇಲ್ಲ. ಗುಳ್ಳೆಯಿಲ್ಲದೆ ಅನಿಲ ನೇರವಾಗಿ ಹೊರಗೆ ಹೋಗುತ್ತದೆ. ಪ್ರಯೋಗಾಲಯದ ಆ ಕೋಶ 1.51 ವೋಲ್ಟಿನಲ್ಲೇ ನಡೆದು ನೂರಕ್ಕೆ 98 ಅಂಕ ಗಳಿಸಿತು. ಬತ್ತಿ ಹೊಸೆಯುವ ಯಾವ ಅಜ್ಜಿಗೂ ತಟ್ಟನೆ ಅರ್ಥವಾಗುವ ವಿನ್ಯಾಸ ಅದು.

ಆಷಾಢದ ಗಾಳಿಗೆ ಯಾವ ಕೋಶ?

ಇಂದು ಬಳಕೆಯಲ್ಲಿರುವ ಕೋಶಗಳಲ್ಲಿ ಎರಡು ಮುಖ್ಯ. ಹಳೆಯದು ಕ್ಷಾರದ ಕೋಶ. ನಿಕಲ್ ಲೋಹ ಸಾಕು, ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಅದಕ್ಕೆ ಒಂದೇ ಸಮನೆ ವಿದ್ಯುತ್ ಬೇಕು. ಪ್ರವಾಹ ತೀರಾ ಇಳಿದರೆ ಅನಿಲದ ಉತ್ಪಾದನೆ ಕುಗ್ಗುತ್ತದೆ, ಆದರೆ ಪರದೆಯ ಮೂಲಕ ಸೋರುವ ಪ್ರಮಾಣ ಅಷ್ಟೇ ಉಳಿಯುತ್ತದೆ. ಆಮ್ಲಜನಕದಲ್ಲಿ ಜಲಜನಕದ ಪಾಲು ಅಪಾಯದ ಮಟ್ಟಕ್ಕೆ ಏರುವ ಮೊದಲೇ ಯಂತ್ರವನ್ನು ನಿಲ್ಲಿಸಬೇಕಾಗುತ್ತದೆ.

ಇನ್ನೊಂದು, ಕ್ಷಾರದ ಬದಲು ಪ್ಲಾಸ್ಟಿಕ್ಕಿನಂಥ ಪೊರೆಯನ್ನೇ ಬಳಸುವ ‘ಪಿಇಎಂ’ ಕೋಶ. ಅದು ಏರಿಳಿತಕ್ಕೆ ಚುರುಕಾಗಿ ಹೊಂದಿಕೊಳ್ಳುತ್ತದೆ. ಗಾಳಿ ಬೀಸಿದಾಗ ದುಡಿದು, ನಿಂತಾಗ ಸುಮ್ಮನಾಗಬಲ್ಲದು. ಗಾಳಿಯಂತ್ರಗಳಿರುವ ಚಿತ್ರದುರ್ಗ, ವಿಜಯನಗರ ಜಿಲ್ಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಅಮೆರಿಕ ಮೂಲದ ಓಮಿಯಂ ಕಂಪನಿ 2021ರಲ್ಲಿ ಇಂಥ ಎಲೆಕ್ಟ್ರೊಲೈಸರುಗಳ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಆರಂಭಿಸಿತು. ತೊಡಕೆಂದರೆ, ಈ ಕೋಶದ ಆಮ್ಲಜನಕದ ಕಡೆಗೆ ಇರಿಡಿಯಂ ಬೇಕು. ಇಡೀ ಜಗತ್ತಿನ ಗಣಿಗಳಿಂದ ಅದು ವರ್ಷಕ್ಕೆ ಸಿಗುವುದು ಏಳೆಂಟು ಟನ್ ಮಾತ್ರ. ಒಂದು ಲಾರಿ ಸಾಕು!

ಇವೆರಡರಾಚೆ, ಏಳೆಂಟು ನೂರು ಡಿಗ್ರಿ ಶಾಖದಲ್ಲಿ ನೀರಿನ ಬದಲು ಹಬೆಯನ್ನೇ ಒಡೆಯುವ ಪಿಂಗಾಣಿ ಕೋಶವೂ ಬರುತ್ತಿದೆ. ಶಕ್ತಿಯ ಒಂದು ಪಾಲನ್ನು ಶಾಖವೇ ಹೊರುವುದರಿಂದ ಅದಕ್ಕೆ ವಿದ್ಯುತ್ ಕಡಿಮೆ ಸಾಕು. ಶಾಖ ವ್ಯರ್ಥವಾಗಿ ಹೋಗುವ ಉಕ್ಕಿನ ಕಾರ್ಖಾನೆಗಳಿಗೆ ಅದು ಒಳ್ಳೆಯ ಜೊತೆ. ಆದರೆ ಅಷ್ಟು ಬಿಸಿಯಲ್ಲಿ ಪಿಂಗಾಣಿ ಬಹುಕಾಲ ಬಿರುಕು ಬಿಡದೆ ಬಾಳಬೇಕು.

ತೋರಣಗಲ್ಲಿನ ಖಾತೆ

ಈಗ ತೋರಣಗಲ್ಲಿನ ಲೆಕ್ಕ ಹಾಕೋಣ. ಪಂಪು, ವಿದ್ಯುತ್ ಪರಿವರ್ತಕಗಳ ಖರ್ಚೂ ಸೇರಿ ಕಿಲೋಗೆ 52 ಯೂನಿಟ್ ಎಂದಿಟ್ಟುಕೊಂಡರೆ, 3,800 ಟನ್ನಿಗೆ ವರ್ಷಕ್ಕೆ ಸುಮಾರು 20 ಕೋಟಿ ಯೂನಿಟ್ ಬೇಕು. ಕೋಶದ ವೋಲ್ಟೇಜನ್ನು ಬರೀ 0.1ರಷ್ಟು ಇಳಿಸಿದರೆ ಕಿಲೋಗೆ 2.66 ಯೂನಿಟ್ ಉಳಿತಾಯ; ವರ್ಷಕ್ಕೆ ಒಂದು ಕೋಟಿ ಯೂನಿಟ್. ಹನಿಗೂಡಿದರೆ ಹಳ್ಳ ಎನ್ನುವುದು ಇದಕ್ಕೇ. ಟಾರ್ಚಿನ ಒಂದು ಸೆಲ್ಲಿಗೆ ಒಂದೂವರೆ ವೋಲ್ಟ್. ಅದರ ಹದಿನೈದನೇ ಒಂದು ಭಾಗಕ್ಕಾಗಿ ವಿಜ್ಞಾನಿಗಳು ಆಯುಷ್ಯ ಸವೆಸುವುದೇಕೆಂದು ಈಗ ತಿಳಿಯುತ್ತದೆ.

ಆ ಜಲಜನಕಕ್ಕೆ ಅಲ್ಲಿ ಏನು ಕೆಲಸ? ಸಂಡೂರಿನ ಅದಿರು ಕಬ್ಬಿಣ ಮತ್ತು ಆಮ್ಲಜನಕ ಬೆಸೆದ ಕಲ್ಲು. ಕಲ್ಲಿದ್ದಲಿನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡರೆ ಇಂಗಾಲದ ಡೈಆಕ್ಸೈಡ್ ಹೊಗೆ. ಜಲಜನಕ ಕಿತ್ತುಕೊಂಡರೆ ಬರೀ ನೀರಾವಿ. ಜಲಜನಕ ಒಂದರಿಂದಲೇ ಈ ಕೆಲಸ ಮಾಡಿಸುವುದಾದರೆ ಒಂದು ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿಲೋ ಬೇಕು. ಆ ಲೆಕ್ಕದಲ್ಲಿ 3,800 ಟನ್ನಿನಿಂದ ಹೆಚ್ಚೆಂದರೆ 70 ಸಾವಿರ ಟನ್ ಕಬ್ಬಿಣ. ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕ ಸಾಮರ್ಥ್ಯದ ಕಾರ್ಖಾನೆಗೆ ಇದು ಊಟದ ಉಪ್ಪಿನಕಾಯಿ. ಆದರೂ ಮೊದಲ ತುತ್ತು.

ನೀರಿನ ಮಾತು? ಒಂದು ಕಿಲೋ ಜಲಜನಕಕ್ಕೆ ಒಡೆಯಬೇಕಾದ ನೀರು ಒಂಬತ್ತು ಲೀಟರ್. ಶುದ್ಧೀಕರಣದಲ್ಲಿ ಹೋಗುವುದನ್ನು ಸೇರಿಸಿ ಎರಡರಷ್ಟು ಎಂದುಕೊಂಡರೂ ವರ್ಷಕ್ಕೆ ಸುಮಾರು ಏಳು ಕೋಟಿ ಲೀಟರ್. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ಅರ್ಧ ಕೋಟಿ ಲೀಟರಿನಷ್ಟು ನೀರು ನಿಲ್ಲಿಸುವ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದು ಹದಿನಾಲ್ಕು ಎಕರೆ ಗದ್ದೆಯ ನೀರು. ಜಲಜನಕ ನದಿಯನ್ನೇ ಕುಡಿದುಬಿಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಆದರೆ ಕಾನಹೊಸಹಳ್ಳಿಯಂಥ ಊರಿನ ಮಾತೇ ಬೇರೆ. ಗಾಳಿಯಂತ್ರದ ಬುಡದಲ್ಲೇ ಒಂದು ಮೆಗಾವಾಟಿನ ಎಲೆಕ್ಟ್ರೊಲೈಸರ್ ಕೂರಿಸಿದರೆಂದುಕೊಳ್ಳಿ. ಪೂರ್ಣ ದುಡಿದ ದಿನ ಅದು 460 ಕಿಲೋ ಜಲಜನಕ ಕೊಟ್ಟು ಎಂಟು ಸಾವಿರ ಲೀಟರ್ ನೀರು ಕೇಳುತ್ತದೆ. ಕೊಡದ ಲೆಕ್ಕದಲ್ಲಿ ನೀರು ಎಣಿಸುವ ಊರಿಗೆ ಅದು ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡದು ನೀರಿನ ಗುಣದ ಪ್ರಶ್ನೆ. ಕೋಶಕ್ಕೆ ಬೇಕಾದ್ದು ಲವಣವೇ ಇಲ್ಲದ ನೀರು. ಸುಣ್ಣದಂಶ, ಕಬ್ಬಿಣದಂಶ ಒಳಹೊಕ್ಕರೆ ಪೊರೆಯಲ್ಲಿ ಕೂತು ವೋಲ್ಟೇಜ್ ಏರುತ್ತದೆ. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಉಳಿಸಿದ 0.1 ವೋಲ್ಟ್ ಗಡಸು ನೀರಿನಿಂದ ಕೆಲವೇ ತಿಂಗಳಲ್ಲಿ ಕೈಬಿಡುತ್ತದೆ. ಹಾಗಾಗಿ ಶುದ್ಧೀಕರಣ ಮಾಡಲೇಬೇಕು. ಮಾಡಿದ ಮೇಲೆ ಉಳಿಯುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಮತ್ತೆ ಇಳಿಯುವುದು ಅದೇ ಊರಿನ ಕೊಳವೆಬಾವಿಗೆ. ಹಲ್ಲು ಕಂದು, ಮೊಣಕಾಲು ಬಿಗಿತ ಏನೆಂದು ಬಲ್ಲ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ

ಇನ್ನೊಂದು ಖಾತೆಯನ್ನೂ ತೆರೆಯಬೇಕು. 52 ಯೂನಿಟ್ ತಿಂದು ಹುಟ್ಟಿದ ಒಂದು ಕಿಲೋ ಜಲಜನಕವನ್ನು ಇಂಧನ ಕೋಶಕ್ಕೆ ಹಾಕಿ ಮತ್ತೆ ವಿದ್ಯುತ್ ಮಾಡಿದರೆ ಕೈಗೆ ಬರುವುದು ಹದಿನೇಳು ಯೂನಿಟ್ ಆಸುಪಾಸು. ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಕರಗುತ್ತದೆ. ಪಂಪ್‌ಸೆಟ್ಟಿಗೆ, ಮನೆಯ ದೀಪಕ್ಕೆ ಜಲಜನಕ ಬೇಕೇ ಬೇಕೆಂದರೆ ತೆಂಗಿನಕಾಯಿ ಕೊಟ್ಟು ಚಿಪ್ಪು ತಂದಂತೆ. ಅಲ್ಲಿಗೆ ಗಾಳಿಯ, ಬಿಸಿಲಿನ ವಿದ್ಯುತ್ತೇ ನೇರವಾಗಿ ಹೋಗಲಿ. ವಿದ್ಯುತ್ತಿಗೆ ಸುಲಭವಾಗಿ ಆಗದ ಕೆಲಸಕ್ಕೆ, ಅದಿರಿನ ಆಮ್ಲಜನಕ ಕೀಳುವುದಕ್ಕೆ, ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಗೆ, ಜಲಜನಕ ಹೋಗಲಿ.

ಹೆದ್ದಾರಿಯ ಲಾರಿ ಮಾಲೀಕರಿಗೂ ಇದೇ ಲೆಕ್ಕ ಹೇಳಬೇಕು. ಎಂಜಿನ್ನಿಗೆ ‘ಎಚ್‌ಎಚ್‌ಒ ಕಿಟ್’ ಜೋಡಿಸಿದರೆ ನೀರಿನ ಅನಿಲದಿಂದ ಡೀಸೆಲ್ ಉಳಿಯುತ್ತದೆಂದು ಮಾರುವವರಿದ್ದಾರೆ. ಆ ಕಿಟ್‌ಗೆ ವಿದ್ಯುತ್ ಬರುವುದು ಅದೇ ಎಂಜಿನ್ನಿನ ಆಲ್ಟರ್ನೇಟರಿನಿಂದ. ನೂರು ರೂಪಾಯಿ ಡೀಸೆಲ್ಲಿನಲ್ಲಿ ಎಂಜಿನ್ ತಿರುಗಿಸುವುದು ಮೂವತ್ತಕ್ಕೆ. ಆಲ್ಟರ್ನೇಟರ್ ದಾಟಿದ ಮೇಲೆ ಹದಿನೆಂಟು. ಅಗ್ಗದ ಕೋಶ ದಾಟಿದರೆ ಒಂಬತ್ತು. ಅದನ್ನು ಮತ್ತೆ ಎಂಜಿನ್ನಿನಲ್ಲಿ ಸುಟ್ಟರೆ ಮೂರು ರೂಪಾಯಿಗೂ ಕಡಿಮೆ. ಮೂಗಿಗಿಂತ ಮೂಗುತಿ ಭಾರ. ಜೊತೆಗೆ ಎರಡೂ ಅನಿಲ ಬೆರೆತೇ ಬರುವುದರಿಂದ ಕಿಡಿಯ ಅಪಾಯ ಬೇರೆ.

ದೇಶಕ್ಕೆ ಈ ಪಾಠ ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ ತಯಾರಿಸುತ್ತಿದ್ದರು. ದೇಶದ ಮೊದಲ ಭಾರಜಲ ಘಟಕವೂ ಅಲ್ಲೇ ನಡೆಯಿತು. ಕೋಶಗಳು ಕೆಟ್ಟಿರಲಿಲ್ಲ. ಆದರೆ ವಿದ್ಯುತ್ತಿಗೆ ನಾಡೆಲ್ಲ ಕೈಚಾಚಿದಾಗ ಆ ದಾರಿ ದುಬಾರಿಯೆನಿಸಿ ಕಾರ್ಖಾನೆ ತೈಲದತ್ತ ಹೊರಳಿತು. ಅಗ್ಗದ ವಿದ್ಯುತ್ ಇರುವವರೆಗೆ ಮಾತ್ರ ಜಲಜನಕದ ಆಟ. ಇಂದು ಬಿಸಿಲು, ಗಾಳಿ ಆ ಅಗ್ಗದ ವಿದ್ಯುತ್ತನ್ನು ಮತ್ತೆ ತಂದಿವೆ.

ಹಾಗಾದರೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಬಯಲಿಗೆ ನಾಳೆ ಯಾರಾದರೂ ಜಲಜನಕದ ಯೋಜನೆ ಹೊತ್ತು ತಂದರೆ ಗ್ರಾಮಸಭೆಯಲ್ಲಿ ಬೆರಗಾಗಿ ಕೂರಬೇಕಿಲ್ಲ. ಗದ್ದಲ ಎಬ್ಬಿಸಬೇಕಾಗಿಯೂ ಇಲ್ಲ. ನಾಲ್ಕು ಪ್ರಶ್ನೆ ಸಾಕು. ಕಿಲೋಗೆ ಎಷ್ಟು ಯೂನಿಟ್? ನೀರು ನದಿಯದೋ, ನಮ್ಮ ಕೊಳವೆಬಾವಿಯದೋ? ಶುದ್ಧೀಕರಿಸಿ ಉಳಿದ ಫ್ಲೋರೈಡ್ ನೀರು ಎಲ್ಲಿಗೆ? ತಯಾರಾದ ಜಲಜನಕ ಯಾವ ಕೆಲಸಕ್ಕೆ? ಮೊದಲನೆಯದಕ್ಕೆ ಉತ್ತರ 50ರ ಆಸುಪಾಸಿನಲ್ಲಿದ್ದರೆ ಕೋಶ ಒಳ್ಳೆಯದು. ಯೋಜನೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಉಳಿದ ಮೂರು ಹೇಳುತ್ತವೆ.